ಸಹಾಯ ಬೇಕು: ಬೆಣ್ಣೆ ಇಲ್ಲದ ಕುಕೀಸ್ ಹರಡದ ಹಾಗೆ ಮಾಡುವುದು ಹೇಗೆ?

ಅಕ್ಕಂದಿರೇ, ಅಣ್ಣಂದಿರೇ, ಧಾರವಾಡದಿಂದ ಬರೆಯುತ್ತಿದ್ದೇನೆ. ಮಗನಿಗೆ ಹಾಲಿನ ಅಲರ್ಜಿ ಇದೆ. ಬೆಣ್ಣೆ ಅಷ್ಟೇ ಅಲ್ಲ, ತುಪ್ಪವೂ ಬೇಡ ಎಂದಿದ್ದಾರೆ ಡಾಕ್ಟರ್. ಬೇಕರಿಯದು ತಂದರೆ ಒಳಗೆ ಏನು ಹಾಕಿರುತ್ತಾರೋ ಗೊತ್ತಾಗಲ್ಲ. ಅದಕ್ಕೆ ಮನೆಯಲ್ಲೇ ಎಣ್ಣೆ ಹಾಕಿ ಮಾಡುತ್ತಿದ್ದೇನೆ.

ಒಂದು ಕಪ್ ಗೋಧಿ ಹಿಟ್ಟು, ಅರ್ಧ ಕಪ್ ಬೆಲ್ಲದ ಪುಡಿ, ಅರ್ಧ ಕಪ್ ಕುಸುಬಿ ಎಣ್ಣೆ, ಕಾಲು ಚಮಚ ಬೇಕಿಂಗ್ ಸೋಡಾ, ಚಿಟಿಕೆ ಉಪ್ಪು, ಏಲಕ್ಕಿ. ಓವನ್ 170 ಡಿಗ್ರಿ, 15 ನಿಮಿಷ. ಮನೆ ತುಂಬಾ ಘಮ್ ಅನ್ನುತ್ತದೆ, ರುಚಿಯೂ ಚೆನ್ನಾಗಿದೆ. ಆದರೆ ಉಂಡೆ ಮಾಡಿ ಇಟ್ಟದ್ದು ಹಪ್ಪಳದ ಹಾಗೆ ಹರಡಿಕೊಳ್ಳುತ್ತದೆ. ಅಂಚು ಕೆಂಪಾಗಿ ಗಟ್ಟಿ, ನಡುವೆ ಮೆತ್ತಗೆ, ಮುಟ್ಟಿದರೆ ಬೆರಳಿಗೆ ಎಣ್ಣೆ.

ಬೆಣ್ಣೆಯಲ್ಲಿ ಸ್ವಲ್ಪ ನೀರಿರುತ್ತದೆ, ಎಣ್ಣೆ ಪೂರ್ತಿ ಜಿಡ್ಡು. ಹಾಗಾಗಿ ಬೆಣ್ಣೆಯಷ್ಟೇ ಎಣ್ಣೆ ಹಾಕಬಾರದು ಅಲ್ವಾ? ಕಾಲು ಕಪ್‌ಗೆ ಇಳಿಸಿದರೆ ಹಿಟ್ಟು ಪುಡಿಪುಡಿ, ಉಂಡೆ ಕಟ್ಟಲು ಬರುವುದಿಲ್ಲ. ಆಗ ನೀರು ಚಿಮುಕಿಸಲೇ, ತೆಂಗಿನ ಹಾಲು ಹಾಕಲೇ? ಹಿಟ್ಟನ್ನು ಫ್ರಿಜ್‌ನಲ್ಲಿ ಎಷ್ಟು ಹೊತ್ತು ಇಡಬೇಕು?

ಕೊಬ್ಬರಿ ಎಣ್ಣೆ ತಂಪಿಗೆ ಗಟ್ಟಿಯಾಗುತ್ತದೆ, ಅದೇ ಸರಿಹೋಗಬಹುದು ಅನಿಸುತ್ತಿದೆ. ನಮ್ಮ ಕಡೆ ಅಡುಗೆಗೆ ಅದರ ರೂಢಿ ಕಡಿಮೆ. ಬಳಸಿದವರು ಇದ್ದರೆ ವಾಸನೆ ಜಾಸ್ತಿ ಬರುತ್ತದಾ ಹೇಳಿ. ಸ್ವಲ್ಪ ಜೋಳದ ಹಿಟ್ಟು ಬೆರೆಸಿದರೆ ಗರಿಗರಿ ಆಗುತ್ತದಾ?

ಇನ್ನೊಂದು, ಹಾಲು ಬೆರೆಸದ ಚಾಕೊಲೇಟ್ ಹುಬ್ಬಳ್ಳಿಯ ದುರ್ಗದ ಬೈಲ್ ಕಡೆ ಸಿಗುತ್ತದಾ? ಮಗನ ಹುಟ್ಟುಹಬ್ಬ ಹತ್ತಿರ ಬಂತು. ಗೆಳೆಯರ ಜೊತೆ ಅವನೂ ಅದೇ ತಟ್ಟೆಯಿಂದ ತಿನ್ನಬೇಕು ಅಂತ ಆಸೆ. ದಯವಿಟ್ಟು ನಿಮ್ಮ ಅಳತೆ ಬರೆಯಿರಿ.