ಅಪ್‌ಡೇಟ್: ಕೋಶವೇ ಇಲ್ಲದ ವೆಲ್ ಹೊಳೆದದ್ದೇಕೆ?

ಎಚ್‌ಟಿ-1080 ಕ್ಯಾನ್ಸರ್ ಕೋಶಗಳು ಹೊರಬಿಡುವ ಎಂಎಂಪಿ ಕಿಣ್ವಗಳನ್ನು (ಪ್ರೋಟೀನ್ ಕತ್ತರಿಸುವ ಕಿಣ್ವಗಳು) ಪ್ರತಿದೀಪ್ತ ಪೆಪ್ಟೈಡ್ ಪ್ರೋಬ್‌ನಿಂದ, ಅಂದರೆ ಕತ್ತರಿಸಿದಾಗ ಬೆಳಗುವ ಚಿಕ್ಕ ಪ್ರೋಟೀನ್ ತುಣುಕಿನಿಂದ, ಅಳೆಯಲು ಹೊರಟರೆ ಕೋಶವಿಲ್ಲದ ವೆಲ್ (ಪ್ರಯೋಗದ ತಟ್ಟೆಯ ಗುಳಿ) ಕೂಡ ಬೆಳಗುತ್ತಿದೆ, ಏನು ತಪ್ಪು ಎಂದು ಕೇಳಿದ್ದೆನಲ್ಲ, ಉತ್ತರ ಸಿಕ್ಕಿದೆ.

ಸೀರಮ್ಮನ್ನು (ರಕ್ತದ ತಿಳಿ ದ್ರವ) ಸಂಶಯಿಸಿ ಎಂದವರ ಮಾತೇ ನಿಜವಾಯಿತು. ನಾನೋ ಬೆಳಕು ಅಳೆಯುವ ಯಂತ್ರವಾದ ಪ್ಲೇಟ್ ರೀಡರನ್ನು ಬೈದುಕೊಂಡು ವಾರ ಕಳೆದಿದ್ದೆ. ಕೋಶ ಬೆಳೆಸುವ ಮಾಧ್ಯಮಕ್ಕೆ ಹಾಕಿದ್ದ ಶೇ 10 ಕರುವಿನ ಸೀರಮ್‌ನಲ್ಲಿ ಅದರದೇ ಪ್ರೋಟೀನ್ ಕತ್ತರಿಸುವ ಕಿಣ್ವಗಳು, ಅಂದರೆ ಪ್ರೋಟಿಯೇಸ್‌ಗಳಿದ್ದವು. ಪ್ರೋಬ್‌ನ ಒಂದು ತುದಿಯ ದೀಪವನ್ನು ಇನ್ನೊಂದು ತುದಿಯ ಕ್ವೆಂಚರ್ ನಂದಿಸಿಟ್ಟಿರುತ್ತದೆ; ನಡುವೆ ಯಾರು ಕತ್ತರಿಸಿದರೂ ಬೆಳಕು ಬರುತ್ತದೆ, ಕತ್ತರಿ ಯಾರದೆಂದು ಅದು ಹೇಳುವುದಿಲ್ಲ.

ಕೋಶಗಳನ್ನು ಎರಡು ಸಲ ತೊಳೆದು, ಸೀರಮ್ ಮತ್ತು ಫೀನಾಲ್ ರೆಡ್ ಎಂಬ ಬಣ್ಣ ಎರಡೂ ಇಲ್ಲದ ಮಾಧ್ಯಮದಲ್ಲಿ 24 ಗಂಟೆ ಇಟ್ಟೆ. ಬ್ಲ್ಯಾಂಕ್ (ಕೋಶವಿಲ್ಲದ ವೆಲ್) ತಣ್ಣಗಾಯಿತು. ಆದರೆ ಕೋಶಗಳಿದ್ದ ವೆಲ್‌ನ ಬೆಳಕಿನ ಗೆರೆಯೂ ಬಹುತೇಕ ಮಲಗಿಬಿಟ್ಟಿತು! ಎಂಎಂಪಿ-2 ಮತ್ತು 9 ಹೊರಬರುವುದೇ ನಿಷ್ಕ್ರಿಯ ಪೂರ್ವರೂಪದಲ್ಲಿ ಎಂಬುದನ್ನು ಮರೆತಿದ್ದೆ. ಕೋಶಗಳ ಮೇಲಿನ ದ್ರವವನ್ನು ಬೇರ್ಪಡಿಸಿ, ಆ ಪೂರ್ವರೂಪವನ್ನು ಎಚ್ಚರಿಸುವ ಎಪಿಎಂಎ ಎಂಬ ರಾಸಾಯನಿಕ ಸೇರಿಸಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟ ಮೇಲೆ ಗೆರೆ ಏರತೊಡಗಿತು. ಸತುವಿನಂಥ ಲೋಹವನ್ನು ಹಿಡಿದಿಟ್ಟುಕೊಳ್ಳುವ ಇಡಿಟಿಎ ಹಾಕಿದ ವೆಲ್‌ನಲ್ಲಿ ಮಾತ್ರ ಏರಲಿಲ್ಲ, ಸತುವಿಲ್ಲದೆ ಈ ಕಿಣ್ವಗಳು ಕೆಲಸ ಮಾಡುವುದಿಲ್ಲ. (ಎಪಿಎಂಎ ಪಾದರಸದ ಸಂಯುಕ್ತ, ಕೈಗವಸು ಬೇಕು, ಸಿಂಕಿಗೆ ಸುರಿಯಬಾರದು.)

ಇಷ್ಟಾದರೂ ಇದು ಕೋಶದಿಂದ ಬೇರ್ಪಟ್ಟ ದ್ರವದ ಲೆಕ್ಕ. ಜೀವಂತ ಕೋಶದ ಪೊರೆಯ ಬಳಿ ಪೊರೆಗೇ ಅಂಟಿಕೊಂಡಿರುವ ಎಂಟಿ1-ಎಂಎಂಪಿ ಎಂಬ ಕಿಣ್ವ ತಾನೇ ಎಂಎಂಪಿ-2ನ್ನು ಎಚ್ಚರಿಸುತ್ತದೆ. ಅದನ್ನು ಎಪಿಎಂಎ ಇಲ್ಲದೆ ನೋಡುವ ಪ್ರಯೋಗ ಸೋಮವಾರ ಶುರು.