ಮೆಣಸಿನಕಾಯಿ ವರ್ಷಕ್ಕೊಮ್ಮೆ ತೆಗೆದಿಡಬೇಕಾ, ತಿಂಗಳು ತಿಂಗಳು ತರಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ

ನಾಲ್ಕು ವರ್ಷದಿಂದ ಮನೆಯಲ್ಲೇ ಸಾಂಬಾರ್ ಪುಡಿ, ಚಟ್ನಿಪುಡಿ ಮಾಡಿ ಮಾರುತ್ತಿದ್ದೇನೆ. ಜೊತೆಗೆ ನಾಲ್ಕು ಜನ ಹೆಣ್ಣುಮಕ್ಕಳು ಕೆಲಸಕ್ಕಿದ್ದಾರೆ. ತಿಂಗಳಿಗೆ ಸುಮಾರು 150 ಕೆಜಿ ಬ್ಯಾಡಗಿ ಮೆಣಸಿನಕಾಯಿ ಬೇಕು. ಇಲ್ಲಿಯ ಒಬ್ಬರೇ ವ್ಯಾಪಾರಿ ಹತ್ತಿರ ತಿಂಗಳು ತಿಂಗಳು ತರುತ್ತೇನೆ. ಮಳೆಗಾಲ ಬಂತೆಂದರೆ ದರ ಏರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬಣ್ಣದ್ದು. ಒಂದು ಸಲ ಕೆಂಪಗಿದ್ದರೆ ಇನ್ನೊಂದು ಸಲ ಇಟ್ಟಿಗೆ ಬಣ್ಣ. ಗಿರಾಕಿಗಳು ಕೇಳುತ್ತಿದ್ದಾರೆ. ನೇರ ಬ್ಯಾಡಗಿಗೇ ಹೋಗಿ ವರ್ಷದ ಮಾಲು ಒಟ್ಟಿಗೆ ತರಲಾ? ಕೈಯಲ್ಲಿರುವ ದುಡ್ಡು ಜಾಸ್ತಿ ಇಲ್ಲ.

ಹಾವೇರಿಯಿಂದ

ಅಕ್ಕಾರೆ, ನಮ್ಮದೂ ಮಸಾಲೆ ಪುಡಿಯ ಕೆಲಸವೇ. ಹನ್ನೆರಡು ವರ್ಷ ಆಯಿತು. ನನ್ನ ಮಟ್ಟಿಗೆ ಉತ್ತರ ಇಷ್ಟು: ವರ್ಷದ್ದು ಪೂರ್ತಿ ಬೇಡ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸೀಸನ್‌ನಲ್ಲಿ ತೆಗೆದು ಕೋಲ್ಡ್ ಸ್ಟೋರೇಜ್‌ನಲ್ಲಿಡಿ. ಉಳಿದದ್ದು ಆಗಾಗ ತನ್ನಿ. ನಿಮಗೆ ವರ್ಷಕ್ಕೆ 18 ಕ್ವಿಂಟಲ್ ಬೇಕು ಅಲ್ವಾ, 10 ಕ್ವಿಂಟಲ್ ಇಟ್ಟರೆ ಸಾಕು.

ಪೂರ್ತಿ ಯಾಕೆ ಬೇಡ ಅಂದರೆ ದರ ಯಾರ ಮಾತೂ ಕೇಳುವುದಿಲ್ಲ. 2024ರ ಮಾರ್ಚ್ ನೆನಪಿದೆಯಲ್ಲ. ಬ್ಯಾಡಗಿಯಲ್ಲಿ ದರ ದಿಢೀರ್ ಕುಸಿದು, ಸಿಟ್ಟಿಗೆದ್ದ ಜನ ಎಪಿಎಂಸಿ ಕಚೇರಿಗೇ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಆ ವರ್ಷ ನಾನು ಸಾಲ ಮಾಡಿ ಜನವರಿಯಲ್ಲೇ ಪೂರ್ತಿ ಮಾಲು ತೆಗೆದಿದ್ದೆ. ಪಕ್ಕದವರು ಎರಡು ತಿಂಗಳು ಕಾದು ಕಡಿಮೆಗೆ ತಂದರು. ನಾನು ಬಡ್ಡಿಯನ್ನೂ ಕಟ್ಟಿದೆ, ಪುಡಿಯ ದರವನ್ನೂ ಇಳಿಸಬೇಕಾಯಿತು. ಆಮೇಲಿಂದ ಸ್ಟಾಕ್‌ಗೆ ಸಾಲ ಮಾಡಿಲ್ಲ.

ಜನವರಿ ಕಾಯಿಯಲ್ಲಿ ಹಸಿ ಅಂಶ ಜಾಸ್ತಿ. ಫೆಬ್ರವರಿ ನಡುವಿನಿಂದ ಮಾರ್ಚ್ ಕೊನೆಯವರೆಗೆ ನೋಡಿ. ಮೇ ಹೊತ್ತಿಗೆ ಬರುವುದು ಹೆಚ್ಚಾಗಿ ಕೊನೆಯ ಕೊಯ್ಲಿನ ಕಾಯಿ, ಅದಕ್ಕೆ ಬಣ್ಣ ಕಡಿಮೆ. ಮಾರುಕಟ್ಟೆಯಲ್ಲಿ ಟೆಂಡರ್ ಹಾಕಲು, ಅಂದರೆ ಮಾಲಿಗೆ ದರ ಕೂಗಲು, ಎಪಿಎಂಸಿ ಲೈಸೆನ್ಸ್ ಬೇಕು. ಹಾಗಾಗಿ ಲೈಸೆನ್ಸ್ ಇರುವ ಖರೀದಿದಾರರೊಬ್ಬರನ್ನು ಹಿಡಿದು ಅವರ ಮೂಲಕ ತೆಗೆದುಕೊಳ್ಳಿ. ಅವರ ಕಮಿಷನ್, ಹಮಾಲಿ, ಚೀಲ, ಗಾಡಿ ಬಾಡಿಗೆ ಎಲ್ಲ ಸೇರಿಸಿ ಬರೆದುಕೊಳ್ಳಿ. ಬರೀ ಮಾರುಕಟ್ಟೆ ದರ ಕೇಳಿ ಖುಷಿಪಡಬೇಡಿ.

ಯಾವ ಕಾಯಿ ಅನ್ನುವುದನ್ನು ಬಾಯಿಬಿಟ್ಟು ಹೇಳಬೇಕು. ಸುಮ್ನೆ "ಬ್ಯಾಡಗಿ" ಅಂದರೆ ಸಾಲದು. ಡಬ್ಬಿ ಬೇರೆ, ಕಡ್ಡಿ ಬೇರೆ. ಡಬ್ಬಿ ಗಿಡ್ಡ, ದಪ್ಪ, ಬೀಜ ಜಾಸ್ತಿ, ಮಸಾಲೆಗೆ ಘಮ ಚೆನ್ನಾಗಿ ಕೊಡುತ್ತದೆ. ಕಡ್ಡಿ ಉದ್ದ, ಮೈ ತುಂಬ ಸುಕ್ಕು. ಇವಲ್ಲದೆ 2043, 5531 ಎಂಬ ಹೈಬ್ರಿಡ್ ಕಾಯಿ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಲೋಡ್‌ಗಟ್ಟಲೆ ಬರುತ್ತದೆ. 5531ಕ್ಕೆ ಖಾರ ಜಾಸ್ತಿ, ಸುಕ್ಕು ಕಡಿಮೆ. ಅದು ಕೆಟ್ಟ ಮಾಲಲ್ಲ, ಆದರೆ ನಿಮ್ಮ ಪುಡಿಯ ರುಚಿ ಅದಲ್ಲ. ನಿಮ್ಮ ಬಣ್ಣ ತಿಂಗಳಿಗೊಂದು ಥರ ಆಗಲು ಇದೇ ಕಾರಣ ಇರಬೇಕು ಅಂತ ನನಗೆ ಬಲವಾದ ಅನುಮಾನ.

ಚೀಲದ ಮೇಲಿನ ಕಾಯಿ ನೋಡಿ ಒಪ್ಪಬೇಡಿ. ತೋಳು ಮುಳುಗುವಷ್ಟು ಕೈ ಹಾಕಿ ಕೆಳಗಿನದನ್ನು ತೆಗೆಯಿರಿ. ತಣ್ಣಗೆ ಅನಿಸಿದರೆ ತೂಕಕ್ಕೆ ನೀರು ಚಿಮುಕಿಸಿರಬಹುದು. ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ತೊಟ್ಟಿನ ಹತ್ತಿರ ಉಗುರಿನಿಂದ ಸೀಳಿ ಒಳಗೆ ನೋಡಿ. ಹೊರಗೆ ಥಳಥಳ ಹೊಳೆಯುವ ಕಾಯಿಯ ಒಳಗೂ ಬೂದಿ ಬಣ್ಣದ ಬೂಷ್ಟು ಇರುತ್ತದೆ. ಇದ್ದರೆ ಆ ಲಾಟ್ ಬಿಟ್ಟುಬಿಡಿ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಆರಿಸಿ ತೆಗೆಯುತ್ತೇನೆ ಅನ್ನುವ ಆಸೆ ನನ್ನನ್ನು ಒಮ್ಮೆ ಮುಳುಗಿಸಿದೆ.

ಇನ್ನು ಲೆಕ್ಕ. ಕೆಜಿಗೆ 180 ರೂಪಾಯಿಯಂತೆ 50 ಕೆಜಿ ತಂದಿರಿ ಅಂದುಕೊಳ್ಳಿ, 9,000 ಆಯಿತು. ತೊಟ್ಟು, ಬಣ್ಣ ಹೋದ ಬಿಳಿಗಾಯಿ, ಮಣ್ಣು ಹೋಗಿ, ಒಣಗಿಸಿದ ಮೇಲೆ 38 ಕೆಜಿ ಉಳಿದರೆ ನಿಜವಾದ ದರ 237. ಅದೇ 210ರ ಕಾಯಿ 50 ಕೆಜಿಗೆ 10,500. ಅದರಲ್ಲಿ 45 ಕೆಜಿ ಉಳಿದರೆ 233. ಕಡಿಮೆ ದರದ್ದೇ ದುಬಾರಿ ಬಿತ್ತು. ಬಿಡಿಸುವ ಕೂಲಿ ಬೇರೆ. ಪ್ರತಿ ಲಾಟ್‌ಗೂ ಈ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಒಂದು ವರ್ಷದಲ್ಲಿ ಯಾರ ಹತ್ತಿರ ತರಬೇಕು ಅಂತ ಆ ನೋಟ್‌ಬುಕ್ಕೇ ಹೇಳುತ್ತದೆ.

ಕೋಲ್ಡ್ ಸ್ಟೋರೇಜ್‌ನಿಂದ ತೆಗೆದ ಚೀಲವನ್ನು ಕೂಡಲೇ ಬಿಚ್ಚಬೇಡಿ. ಬೆವರಿ ಮೆತ್ತಗಾಗುತ್ತದೆ. ಒಂದು ದಿನ ಹೊರಗಿಟ್ಟು, ತಣಿವು ಹೋದ ಮೇಲೆ ಬಿಚ್ಚಿ. ಮಳೆಗಾಲದಲ್ಲಂತೂ ಆ ವಾರಕ್ಕೆ ಬೇಕಾದಷ್ಟೇ ತೆಗೆಸಿ. ಚೀಲದ ಮೇಲೆ ಲಾಟ್ ನಂಬರ್ ಬರೆಸಿ, ರಸೀದಿ ಇಟ್ಟುಕೊಳ್ಳಿ.

ಕುಂದಗೋಳ ಕಡೆಯ ರೈತ

ನಾನು ಮಾರುವವನು. ನಮ್ಮ ಕಡೆಯಿಂದ ಒಂದು ಮಾತು. ಊರಿನ ನಾಲ್ಕೈದು ರೈತರ ಜೊತೆ, ಅಥವಾ ರೈತ ಉತ್ಪಾದಕರ ಕಂಪನಿ ಜೊತೆ ಮಾತಾಡಿಕೊಂಡರೆ ಮೊದಲ ಕೊಯ್ಲಿನ ಕಾಯಿಯನ್ನೇ ನಿಮಗೆ ಬೇರೆ ತೆಗೆದಿಡುತ್ತಾರೆ. ನಾವು ಕೇಳುವುದು ಎರಡೇ. ತೂಕ ಆದ ದಿನವೇ ದುಡ್ಡು. ಮಾತಾಡಿದ ದರಕ್ಕೆ ತೂಕ ಆದ ಮೇಲೆ ಚೌಕಾಸಿ ಬೇಡ. ಹೋದ ಸಲ ಒಬ್ಬರು ಗಾಡಿ ತುಂಬಿಸಿಕೊಂಡ ಮೇಲೆ ಕ್ವಿಂಟಲ್‌ಗೆ 500 ಕಡಿಮೆ ಮಾಡಿ ಅಂದರು. ಮಾಲು ಇಳಿಸಿ ಕಳಿಸಿದೆವು. ಹೊಲಕ್ಕೆ ಒಮ್ಮೆ ಬನ್ನಿ ಅಕ್ಕಾರೆ, ಡಿಸೆಂಬರ್‌ನಲ್ಲಿ. ಗಿಡದಲ್ಲೇ ನೋಡಿದರೆ ಬೆಳೆ ಹೇಗಿದೆ, ಆ ವರ್ಷ ದರ ಎತ್ತ ಹೋಗಬಹುದು ಅಂತ ನಿಮಗೇ ಅಂದಾಜು ಬರುತ್ತದೆ.

ಬೆಂಗಳೂರು, ಕಾರ್ಖಾನೆಯೊಂದರಲ್ಲಿ 26 ವರ್ಷ ಖರೀದಿ ವಿಭಾಗದಲ್ಲಿದ್ದವರು

ಮೇಡಂ, ಮೆಣಸಿನಕಾಯಿ ನನಗೆ ಗೊತ್ತಿಲ್ಲ, ಖರೀದಿ ಗೊತ್ತು. ನಿಮ್ಮ ಹಳೆಯ ವ್ಯಾಪಾರಿಯನ್ನು ಬಿಡಬೇಡಿ. ತಿಂಗಳಿಗೆ ಒಂದೆರಡು ಚೀಲವಾದರೂ ಅವರ ಹತ್ತಿರ ತರುತ್ತಿರಿ. ಹೊರಗಿನ ಮಾಲು ಕೈಕೊಟ್ಟ ದಿನ ಫೋನ್ ಎತ್ತುವವರು ಅವರೇ. ಆದರೆ ಒಪ್ಪಿದ ಕಾಯಿಯ ಸ್ಯಾಂಪಲ್ ಒಂದು ಗಾಜಿನ ಬಾಟಲಿಯಲ್ಲಿ ಹಾಕಿ, ದಿನಾಂಕ ಬರೆದು ಕತ್ತಲಲ್ಲಿಡಿ. ಅಂಥದ್ದೇ ಒಂದು ಅವರ ಅಂಗಡಿಯಲ್ಲೂ ಇರಲಿ. ಮಾಲು ಬಂದಾಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಜಗಳವೇ ಬರುವುದಿಲ್ಲ.

ದುಡ್ಡು ಕಡಿಮೆ ಅಂದಿರಿ. ನಿಮ್ಮ ದುಡ್ಡು ಅಂಗಡಿಗಳಲ್ಲಿ ಸಿಕ್ಕಿಹಾಕಿಕೊಂಡಿದೆಯಾ ನೋಡಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಮಾಡಿಸಿದ್ದೀರಾ? ಖರ್ಚಿಲ್ಲದ ಕೆಲಸ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ನೀವು ತಯಾರಿಸಿ ಕೊಟ್ಟ ಮಾಲಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಬರಬೇಕು. ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಎಲ್ಲರ ಮೇಲೂ ದೂರು ಹಾಕಿ ಅನ್ನುತ್ತಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಿ, ಕೆಳಗೆ ದುಡ್ಡು ಕೊಡಬೇಕಾದ ದಿನಾಂಕ ಬರೆಯಿರಿ. ಸೂಪರ್ ಮಾರ್ಕೆಟ್‌ನವರು ಅದನ್ನು ಓದುತ್ತಾರೆ.

ತಿಪಟೂರಿನಿಂದ

ಮೆಣಸಿನಕಾಯಿ ಹಾಗೆ ಕೊಬ್ಬರಿ ಕೂಡಿಡಲು ಹೋಗಬೇಡಿ. ಮಳೆಗಾಲದಲ್ಲಿ ಕಮಟು ವಾಸನೆ ಬಂದರೆ ಚಟ್ನಿಪುಡಿ ಅಷ್ಟೂ ವಾಪಸ್. ಹದಿನೈದು ದಿನಕ್ಕಾಗುವಷ್ಟು ಸಾಕು. ಉಂಡೆ ಕೊಬ್ಬರಿ ಒಡೆಯದೆ ಇಟ್ಟರೆ ಇನ್ನೂ ಸ್ವಲ್ಪ ದಿನ ತಡೆಯುತ್ತದೆ. ಹುಣಸೆ ಮಾತ್ರ ಹೊಸದು ಬಂದಾಗಲೇ ತೆಗೆದು ಕೋಲ್ಡ್ ಸ್ಟೋರೇಜ್‌ಗೆ ಹಾಕಿ, ಹೊರಗಿಟ್ಟರೆ ಕಪ್ಪಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮನೆಯಲ್ಲಿದ್ದ ಎರಡು ಚೀಲ ಸುರಿದು ನೋಡಿದೆವು. ಒಂದರಲ್ಲಿ ಎಲ್ಲ ಡಬ್ಬಿ. ಇನ್ನೊಂದರಲ್ಲಿ ಅರ್ಧದಷ್ಟು ಸುಕ್ಕೇ ಇಲ್ಲದ ಕಾಯಿ. ಎರಡಕ್ಕೂ ಒಂದೇ ದರ ಕೊಟ್ಟಿದ್ದೇನೆ. ಉದ್ಯಮ್ ಮಾಡಿಸಿದ್ದೇನೆ, ಬಿಲ್ಲಿನ ಮೇಲೆ ನಂಬರ್ ಹಾಕಿಸಿರಲಿಲ್ಲ. ಹಾವೇರಿ ಅಣ್ಣ, ಕೋಲ್ಡ್ ಸ್ಟೋರೇಜ್ ಬಾಡಿಗೆ ಚೀಲದ ಲೆಕ್ಕವಾ, ತಿಂಗಳ ಲೆಕ್ಕವಾ? ಮುಂದಿನ ತಿಂಗಳು ನಾವು ಮೂರು ಜನ ಬ್ಯಾಡಗಿಗೆ ಬರುತ್ತಿದ್ದೇವೆ.