ಪದಚರ್ಚೆ: ‘ಇಜಿಆರ್ ಜಾಮ್ ಆಗಿದೆ’ ಅಂದರೆ ತೆರೆದು ನಿಂತಿದೆಯೋ, ಮುಚ್ಚಿ ನಿಂತಿದೆಯೋ?

ಎಲ್ಲರಿಗೂ ನಮಸ್ಕಾರ.

ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಯುವ ಹುಡುಗರಿಗಾಗಿ ಕನ್ನಡದಲ್ಲಿ ಪಾಠವೊಂದನ್ನು ಬರೆಯುತ್ತಿದ್ದೇನೆ. ಕಾರಿನ ಇಜಿಆರ್ ವಾಲ್ವು ಕೆಟ್ಟಿದೆಯೇ ಎಂದು ಪತ್ತೆಹಚ್ಚುವುದು ಹೇಗೆ ಎಂಬುದು ವಿಷಯ. ವಾಲ್ವಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬ ಪ್ರಶ್ನೆ ನನ್ನದಲ್ಲ. ‘ನಿಷ್ಕಾಸ ಅನಿಲ ಪುನಃಪರಿಚಲನಾ ಕವಾಟ’ ಎಂದು ಬರೆದರೆ ಹುಡುಗರು ಪುಟ ಮಗುಚಿಬಿಡುತ್ತಾರೆ. ಗ್ಯಾರೇಜಿನಲ್ಲಿ ಅದು ಇಜಿಆರ್, ಪಾಠದಲ್ಲೂ ಇಜಿಆರ್ ಆಗಿಯೇ ಇರಲಿ. ನನಗೆ ಬೇಕಿರುವುದು ಕ್ರಿಯಾಪದ.

ಗ್ಯಾರೇಜಿನಲ್ಲಿ ಕಿವಿಗೆ ಬೀಳುವುದು ಹೆಚ್ಚಾಗಿ ಎರಡೇ ಮಾತು: ‘ಇಜಿಆರ್ ಹೋಗಿದೆ’, ‘ಇಜಿಆರ್ ಜಾಮ್ ಆಗಿದೆ’. ವಾಲ್ವು ತೆರೆದಲ್ಲೇ ನಿಂತರೂ ಜಾಮ್, ಮುಚ್ಚಿದಲ್ಲೇ ನಿಂತರೂ ಜಾಮ್. ವಾಲ್ವು ನೆಟ್ಟಗಿದ್ದು, ಅದರಾಚೆಯ ದಾರಿಯಲ್ಲಿ ಮಸಿ ತುಂಬಿದ್ದರೂ ಜಾಮೇ. ಇವು ಮೂರೂ ಬೇರೆ ಬೇರೆ ಕಾಯಿಲೆ. ಲಕ್ಷಣ ಬೇರೆ, ಖರ್ಚೂ ಬೇರೆ.

ಈ ವಾಲ್ವಿನ ಕೆಲಸ ಇಷ್ಟೆ: ಹೊರಗೆ ಹೊರಟ ಸುಟ್ಟ ಅನಿಲದಲ್ಲಿ ಸ್ವಲ್ಪವನ್ನು ತಿರುಗಿಸಿ, ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಗೆ ಬೆರೆಸುವುದು. ಆ ಅನಿಲದಲ್ಲಿ ಆಮ್ಲಜನಕ ಕಡಿಮೆ. ಅದು ಸಿಲಿಂಡರಿನಲ್ಲಿ ಜಾಗ ಹಿಡಿದು, ಶಾಖ ಹೀರಿಕೊಂಡು, ಉರಿಯ ತಾಪ ಏರದಂತೆ ತಡೆಯುತ್ತದೆ. ತಾಪ ಇಳಿದರೆ ಸಾರಜನಕದ ಆಕ್ಸೈಡುಗಳು ಹುಟ್ಟುವುದೂ ಇಳಿಯುತ್ತದೆ. ಆದ್ದರಿಂದಲೇ ‘ಹೊಗೆಯ ಮರುಬಳಕೆ’ ಎಂಬ ಮಾತು ನನಗೆ ಒಗ್ಗುವುದಿಲ್ಲ. ಮರುಬಳಕೆ ಎಂದೊಡನೆ, ಸುಡದೆ ಉಳಿದ ಇಂಧನವನ್ನು ಮತ್ತೊಮ್ಮೆ ಸುಡಲು ಹೀಗೆ ಮಾಡುತ್ತಾರೆ ಎಂದು ಹುಡುಗರು ತಿಳಿಯುತ್ತಾರೆ. ಇಲ್ಲಿ ಅನಿಲವನ್ನು ಒಳಗೆ ಕಳಿಸುವುದೇ ಅದು ಉರಿಯುವುದಿಲ್ಲವೆಂದು.

ಈಗ ಲಕ್ಷಣಗಳು. ಪೆಟ್ರೋಲ್ ಎಂಜಿನ್ನಿನಲ್ಲಿ ಐಡ್ಲಿಂಗ್ ವೇಳೆ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುತ್ತಿರುವಾಗ, ವಾಲ್ವು ಮುಚ್ಚಿರಬೇಕು. ತೆರೆದೇ ನಿಂತುಬಿಟ್ಟರೆ ಐಡ್ಲಿಂಗ್ ಏರಿಳಿಯುತ್ತದೆ, ಗಾಡಿ ನಡುಗುತ್ತದೆ, ಸಿಗ್ನಲ್ಲಿನಲ್ಲಿ ಆಫ್ ಆಗುತ್ತದೆ. ಡೀಸೆಲ್ ಆದರೆ ಪಿಕಪ್ ಸತ್ತು ಕಪ್ಪು ಹೊಗೆ ಬರುತ್ತದೆ. ಮುಚ್ಚಿ ನಿಂತರೆ ಕಥೆಯೇ ಬೇರೆ. ಪೆಟ್ರೋಲ್ ಗಾಡಿ ಏರಿನಲ್ಲಿ ಕಟಕಟ ಎಂದು ನಾಕಿಂಗ್ ಹೊಡೆಯಬಹುದು; ಡೀಸೆಲ್ ಗಾಡಿ ಓಡಿಸುವವರಿಗೆ ಎಷ್ಟೋ ಸಲ ಡ್ಯಾಶ್‌ಬೋರ್ಡಿನ ದೀಪ ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ. ನಮ್ಮ ಪಿಯುಸಿ (ವಾಹನಗಳ ಮಾಲಿನ್ಯ) ತಪಾಸಣೆಯಲ್ಲಿ ಡೀಸೆಲ್ ಗಾಡಿಗೆ ಅಳೆಯುವುದು ಹೊಗೆಯ ದಟ್ಟಣೆಯನ್ನು ಮಾತ್ರ, ಸಾರಜನಕದ ಆಕ್ಸೈಡುಗಳನ್ನಲ್ಲ. ಹಾಗಾಗಿ ವಾಲ್ವಿನ ದಾರಿಗೆ ತಗಡು ಹಾಕಿ ‘ಬ್ಲಾಂಕ್’ ಮಾಡಿಸಿದವರು ಗಾಡಿ ಚೆನ್ನಾಗಿಯೇ ಇದೆ ಎಂದು ನೆಮ್ಮದಿಯಿಂದ ಓಡಾಡುತ್ತಾರೆ. ಪಾಠದಲ್ಲಿ ‘ಮುಚ್ಚಿದ ಇಜಿಆರ್’ ಎಂದು ಬರೆದರೆ ಇದೂ ಅದರಡಿ ಬಂದುಬಿಡುತ್ತದೆ. ತಾನಾಗಿ ಮುಚ್ಚಿ ನಿಂತದ್ದು, ಯಾರೋ ಮುಚ್ಚಿಸಿದ್ದು ಎಂದು ಬೇರೆ ಮಾಡಿದ್ದೇನೆ. ಇಷ್ಟಕ್ಕೆ ನಮ್ಮ ‘-ಇಸು’ ಒಂದೇ ಸಾಕಾಯಿತು.

ಹೆಚ್ಚು ಗೊಂದಲವಾಗುವುದು ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡು ಓದುವ ಸ್ಕ್ಯಾನರ್ ಮುಂದೆ. ಪಿ0401 ಎಂಬ ಕೋಡು ಬಂದೊಡನೆ ‘ವಾಲ್ವು ಹೋಗಿದೆ’ ಎಂದು ಹೊಸದನ್ನು ತರಿಸುತ್ತಾರೆ. ಆ ಕೋಡು ವಾಲ್ವಿನ ಮಾತನ್ನೇ ಎತ್ತುವುದಿಲ್ಲ. ಅನಿಲದ ಹರಿವು ಸಾಲದು ಎನ್ನುತ್ತದೆ, ಅಷ್ಟೆ. ಪಿ0402 ಬಂದರೆ ಹರಿವು ಮಿತಿಮೀರಿದೆ ಎಂದು. ಪಿ0403 ಬಂದರೆ ವಾಲ್ವನ್ನು ನಡೆಸುವ ವಿದ್ಯುತ್ ಸರ್ಕ್ಯೂಟಿನಲ್ಲಿ ತೊಂದರೆ. ಹರಿವು ಸಾಲದಿರಲು ವಾಲ್ವು ಕಾರಣವಿರಬಹುದು, ಮಸಿ ತುಂಬಿದ ದಾರಿ ಇರಬಹುದು, ತಪ್ಪು ಲೆಕ್ಕ ಕೊಡುವ ಸೆನ್ಸರ್ ಇರಬಹುದು. ಗಾಳಿಯ ಎಳೆತದಿಂದ (ವ್ಯಾಕ್ಯೂಮ್) ತೆರೆಯುವ ಹಳೆಯ ವಾಲ್ವಾದರೆ ಪರೀಕ್ಷೆ ಸುಲಭ: ಎಂಜಿನ್ ಐಡ್ಲಿಂಗಿನಲ್ಲಿರುವಾಗ ಕೈಪಂಪಿನಿಂದ ವ್ಯಾಕ್ಯೂಮ್ ಕೊಟ್ಟು ವಾಲ್ವು ಎತ್ತಿಸಬೇಕು. ಎಂಜಿನ್ ತಡವರಿಸಿದರೆ ಅಥವಾ ನಿಂತೇಹೋದರೆ ದಾರಿ ಸಲೀಸಾಗಿದೆ. ವಾಲ್ವಿನ ಕಡ್ಡಿ ಮೇಲೆದ್ದರೂ ಎಂಜಿನ್ ಅಲುಗದಿದ್ದರೆ ದಾರಿಯನ್ನೇ ಕೆರೆಯಬೇಕು, ಹೊಸ ವಾಲ್ವಿನಿಂದ ಏನೂ ಆಗದು. ಎಲೆಕ್ಟ್ರಾನಿಕ್ ವಾಲ್ವನ್ನು ಸ್ಕ್ಯಾನರಿನಿಂದಲೇ ತೆರೆಸಿ, ಹೇಳಿದಷ್ಟು ತೆರೆಯಿತೇ ಎಂದು ನೋಡಬೇಕು. ಡೀಸೆಲ್ಲಿನಲ್ಲಿ ಆಗ ಹೊರಗಿನಿಂದ ಬರುವ ಗಾಳಿಯ ಅಳತೆಯೂ ಇಳಿಯಬೇಕು. ವಾಲ್ವು ತೆರೆದದ್ದು ಕಂಡೂ ಗಾಳಿಯ ಅಳತೆ ಇಳಿಯದಿದ್ದರೆ ಮತ್ತೆ ದಾರಿಯ ಮೇಲೇ ಅನುಮಾನ.

ಹೀಗಾಗಿ ವಾಲ್ವಿಗೊಂದು ಕ್ರಿಯಾಪದ, ದಾರಿಗೊಂದು ಕ್ರಿಯಾಪದ ಬೇಕು. ನಾನು ಸದ್ಯಕ್ಕೆ ಇಟ್ಟುಕೊಂಡಿರುವುದು ಇವು: ವಾಲ್ವು ‘ಕಚ್ಚಿಕೊಂಡಿದೆ’, ದಾರಿ ‘ಕಟ್ಟಿಕೊಂಡಿದೆ’. ಬೀಗ ಕಚ್ಚಿಕೊಳ್ಳುತ್ತದೆ, ಮೂಗು ಮೋರಿಗಳು ಕಟ್ಟಿಕೊಳ್ಳುತ್ತವೆ, ಅದೇ ಧಾಟಿ. ಮೊದಲನೆಯದರ ಹಿಂದೆ ‘ತೆರೆದಂತೆಯೇ’, ‘ಮುಚ್ಚಿದಂತೆಯೇ’ ಸೇರಿಸಿಕೊಳ್ಳಬಹುದು. ಎರಡನೆಯದರಲ್ಲಿ ಒಂದು ತೊಡಕಿದೆ. ‘ಕಾರ್ಬನ್ ಕಟ್ಟಿದೆ’ ಎಂದೂ ಹೇಳುತ್ತೇವಲ್ಲ, ಅಲ್ಲಿ ‘ಕಟ್ಟು’ ಎಂದರೆ ಪದರವಾಗಿ ಕೂರುವುದು. ಪದರ ಕೂತಿದ್ದರೂ ದಾರಿ ತೆರೆದಿರಬಹುದು. ‘ಕಟ್ಟಿದೆ’ಗೂ ‘ಕಟ್ಟಿಕೊಂಡಿದೆ’ಗೂ ಇರುವ ಇಷ್ಟು ಸಣ್ಣ ವ್ಯತ್ಯಾಸ ಓದುವಾಗ ಉಳಿದೀತೇ?

ಕೂತದ್ದರ ಹೆಸರೂ ನೋಡಿ. ಪೈಪಿನ ಬಿಸಿ ತುದಿಯಲ್ಲಿ ಸಿಗುವುದು ಒಣ ಮಸಿ. ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನಲ್ಲಿ ಅದೇ ಮಸಿ ಎಂಜಿನ್ ಆಯಿಲಿನ ಆವಿಯೊಂದಿಗೆ ಬೆರೆತು ಅಂಟಾಗಿ, ಉಗುರಿಗೆ ಹತ್ತಿದರೆ ಬಿಡದಂತಾಗುತ್ತದೆ. ಮೆಕ್ಯಾನಿಕ್ಕುಗಳು ಎರಡಕ್ಕೂ ‘ಕಾರ್ಬನ್’ ಎನ್ನುತ್ತಾರೆ. ಎರಡನೆಯದಕ್ಕೆ ‘ಕಿಟ್ಟ’ ಹೊಂದುತ್ತದೆ ಎಂದು ನನಗೆ ತೋರುತ್ತದೆ, ದೀಪದ ಎಣ್ಣೆಯ ಕಿಟ್ಟ ಎನ್ನುತ್ತೇವಲ್ಲ. ಕಿಟ್ಟ ಎಂದರೆ ಕಬ್ಬಿಣದ ಕಲ್ಮಷವನ್ನೇ ನೆನೆಯುವವರಿಗೆ ಇದು ಹಿಡಿಸುತ್ತದೆಯೇ?

ಇನ್ನೊಂದು ಚಿಲ್ಲರೆ ತಕರಾರು. ಸಾರಜನಕದ ಆಕ್ಸೈಡುಗಳನ್ನು ಗಾಡಿ ಕೆಲಸದವರು ‘ನಾಕ್ಸ್’ ಎಂದು ಚಿಕ್ಕದು ಮಾಡುತ್ತಾರೆ, ಎಂಜಿನ್ ಕುಟ್ಟುವುದು ‘ನಾಕ್’. ವಾಲ್ವು ಮುಚ್ಚಿದಂತೆಯೇ ಕಚ್ಚಿಕೊಂಡರೆ ಪೆಟ್ರೋಲ್ ಗಾಡಿಯಲ್ಲಿ ಎರಡೂ ಹೆಚ್ಚಬಹುದು, ಒಂದೇ ವಾಕ್ಯದಲ್ಲಿ ಎರಡನ್ನೂ ಬರೆಯಬೇಕಾಗುತ್ತದೆ. ನಾಕಿಂಗನ್ನು ‘ಕುಟ್ಟು’ ಎಂದು ಮಾಡಿದರೆ ತೊಂದರೆ ತೀರುತ್ತದೆ, ಆದರೆ ಯಾರ ಬಾಯಲ್ಲೂ ಅದನ್ನು ನಾನು ಕೇಳಿಲ್ಲ.

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು ನಿಮ್ಮೂರ ಗ್ಯಾರೇಜಿನಲ್ಲಿ, ಅದರಲ್ಲೂ ಲಾರಿ ಕೆಲಸದ ಹಳಬರ ಬಾಯಲ್ಲಿ ‘ಜಾಮ್’ ಬಿಟ್ಟು ಬೇರೆ ಯಾವ ಮಾತು ಓಡಾಡುತ್ತದೆ ಎಂದು ತಿಳಿಸಿದರೆ ಉಪಕಾರ. ನಿಘಂಟಿನ ಪದಗಳು ನನ್ನ ಹತ್ತಿರ ಇವೆ, ಅವು ಸದ್ಯಕ್ಕೆ ಬೇಡ.